ಪಕ್ಕದ ಮನೆಯ ಸೆಂಬೆ

ಹೋದ ವಾರ ಒಂದು ಟ್ರೈನಿಂಗ್‌ಗೆಂದು ಬರ್ಮಿಂಗ್‌ಹ್ಯಾಮ್‌ಗೆ ಹೋಗಿದ್ದೆ. ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಕಾರಿನ ಕಡೆ ನಡೆಯುತ್ತಿದ್ದಾಗ, ಅಲ್ಲಿರುವ ಸಣ್ಣ ಜಪಾನಿ ಅಂಗಡಿಯ ಬಾಗಿಲಲ್ಲಿ ಒಬ್ಬಳು ಹುಡುಗಿ ಪುಟ್ಟ ಒಲೆಯ ಮೇಲೆ ತಂತಿ ಜಾಲರಿ ಇಟ್ಟು ಅಕ್ಕಿಯ ಬಿಲ್ಲೆಗಳನ್ನು ಸುಡುತ್ತಿದ್ದಳು. ಮಗುಚಿ ಮಗುಚಿ ಸುಟ್ಟು, ಕೊನೆಗೆ ಬ್ರಷ್‌ನಲ್ಲಿ ಸೋಯಾ ಸಾಸ್ ಸವರಿದಳು. ಚುರ್ ಎಂದು ಹೊಗೆ ಎದ್ದಿತು. ಹೆಂಚಿನ ಮೇಲೆ ಸ್ವಲ್ಪ ಹೆಚ್ಚೇ ಕೆಂಪಾದ ದೋಸೆಯ ಅಂಚಿನ ವಾಸನೆ, ಅದರ ಹಿಂದೆ ಉಪ್ಪುಪ್ಪಾದ ಇನ್ನೇನೋ. ದಾರಿಯಲ್ಲಿ ಹೋಗುತ್ತಿದ್ದವರು ಮೂಗರಳಿಸಿ ನಿಂತರು. ನನಗೆ ಮಾತ್ರ ಹೊಟ್ಟೆ ಉರಿಯಿತು. ನಾನು ಡಾಕ್ಟರು, ಇದು ಅಸಿಡಿಟಿ ಅಲ್ಲವೆಂದು ಖಂಡಿತವಾಗಿ ಹೇಳಬಲ್ಲೆ. ಅಮ್ಮ ನಮ್ಮ ಮನೆಗೆ ಬಂದಿದ್ದ ಆ ಚಳಿಗಾಲ ಪೂರ್ತಿ ನನಗೆ ಹೀಗೇ ಉರಿಯುತ್ತಿತ್ತು.

ಆದರೂ ಎರಡು ಪ್ಯಾಕೆಟ್ ಕೊಂಡೆ. ನನಗಲ್ಲ, ಪಕ್ಕದ ಮನೆಯ ಫುಮಿಕೋ ಅವರಿಗೆ. ಅವರಿಗೆ ಈಗ ಮಂಡಿನೋವು, ಬರ್ಮಿಂಗ್‌ಹ್ಯಾಮ್‌ವರೆಗೆ ಹೋಗಲಾಗುವುದಿಲ್ಲ. ನಾನು ತಂದುಕೊಡದಿದ್ದರೆ ಸುದ್ದಿ ಮೈಸೂರಿಗೆ ತಲುಪುತ್ತದೆ, ಆಮೇಲೆ ನನಗೆ ಮೈಸೂರಿನಿಂದ ಬೈಗುಳ ಬರುತ್ತದೆ. ಅಮ್ಮ ಮೈಸೂರಿನಲ್ಲಿ ನನ್ನ ತಮ್ಮ ರವಿಯ ಮನೆಯಲ್ಲಿದ್ದಾಳೆ. ಭಾನುವಾರ ಫೋನ್ ಮಾಡಿದರೆ ಅವಳ ಮೊದಲ ಪ್ರಶ್ನೆ ನಾನು ಹೇಗಿದ್ದೀನಿ ಎಂದಲ್ಲ, ಫುಮಿ ಹೇಗಿದ್ದಾಳೆ ಎಂದು.

ಆ ವರ್ಷ ಅಮ್ಮನನ್ನು ಇಲ್ಲಿಗೆ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ಗೆ ಕರೆಸಿಕೊಂಡಿದ್ದು ಸುಮ್ಮನೆ ಊರು ತೋರಿಸಲು ಅಲ್ಲ. ಅಪ್ಪ ಹೋಗಿ ಐದಾರು ವರ್ಷವಾಗಿತ್ತು. ಹೋದ ಮಾರನೆಯ ದಿನವೇ ಅಮ್ಮ ಹಣೆಯ ಕುಂಕುಮ ಅಳಿಸಿಕೊಂಡುಬಿಟ್ಟಿದ್ದಳು. ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಯಾರೂ ಕೇಳುವವರೇ ಇಲ್ಲ. ನಮ್ಮ ಬೀದಿಯಲ್ಲೇ ಗಂಡ ಹೋದ ಮೇಲೂ ಬೊಟ್ಟಿಟ್ಟುಕೊಂಡು, ಹೂ ಮುಡಿದು ಓಡಾಡುವವರು ಎಷ್ಟೋ ಜನ. ಅವರನ್ನೆಲ್ಲ ತೋರಿಸಿ ಹೇಳಿದೆ, ಬಗೆಬಗೆಯ ಸ್ಟಿಕರ್ ತಂದುಕೊಟ್ಟೆ, ಜಗಳವಾಡಿದೆ, ಅತ್ತೆ. ಅಮ್ಮ ಮಾತ್ರ ನನಗೆ ಬೇಡ ಅಂದರೆ ಬೇಡ ಎನ್ನುತ್ತಿದ್ದಳು. ಅದರ ಜೊತೆಗೇ ಹಪ್ಪಳ, ಸಂಡಿಗೆಯನ್ನೂ ಬಿಟ್ಟಿದ್ದಳು. ಅಪ್ಪನಿಗೆ ಹುಳಿ ಅನ್ನದ ಜೊತೆ ಕರುಂ ಕುರುಂ ಅನ್ನುವುದೊಂದು ಇರಲೇಬೇಕಿತ್ತು. ಬೇಸಿಗೆ ಬಂತೆಂದರೆ ಅಮ್ಮ ತಾರಸಿಯ ಮೇಲೆ ಹಳೆ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಳು. ಅಪ್ಪ ಹೋದ ಮೇಲೆ ಆ ಪಂಚೆ ತಾರಸಿ ಹತ್ತಲಿಲ್ಲ. ಯಾರ ಮನೆಯಲ್ಲಿ ಹಪ್ಪಳ ಬಡಿಸಿದರೂ ಎಲೆಯ ತುದಿಗೆ ಸರಿಸಿಬಿಡುತ್ತಿದ್ದಳು.

ಮಾತೂ ಕಡಿಮೆಯಾಗಿತ್ತು, ನಗುವಂತೂ ಅಪರೂಪ. ಈ ಅಮ್ಮನನ್ನು ಮೊದಲಿನ ಅಮ್ಮನನ್ನಾಗಿ ಮಾಡಿ ಮೈಸೂರಿಗೆ ವಾಪಸ್ ಕಳಿಸಬೇಕು ಎಂದು ನಾನು ಹಟ ತೊಟ್ಟಿದ್ದೆ. ಅದನ್ನು ನಾನೇ ಮಾಡಬೇಕಿತ್ತು. ರವಿಯಿಂದ ಆಗದ್ದು, ಚಿಕ್ಕಮ್ಮಂದಿರಿಂದ ಆಗದ್ದು ನನ್ನಿಂದ ಆಗಬೇಕಿತ್ತು. ಮಗಳು ಎಂದಮೇಲೆ ಅಷ್ಟು ಹಕ್ಕಾದರೂ ಬೇಡವೇ?

ಆಸ್ಪತ್ರೆಯಲ್ಲಿ ಡ್ಯೂಟಿಯ ಪಟ್ಟಿ, ಅಂದರೆ ರೋಟಾ, ಹಾಕುವವಳ ಹತ್ತಿರ ಗೋಗರೆದು ರಜೆ ಹೊಂದಿಸಿಕೊಂಡೆ. ಬಾಲಾಜಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ, ಕಾಲುವೆಯ ದಂಡೆಯ ಮೇಲೆ ನಡೆಸಿದೆ, ಮಾಲ್‌ಗಳಲ್ಲಿ ಎಸ್ಕಲೇಟರ್ ಹತ್ತಿಸಿ ಇಳಿಸಿದೆ. ಅಮ್ಮ ಎಲ್ಲಕ್ಕೂ ಬಂದಳು, ನೆಂಟರ ಮನೆಗೆ ಬಂದವರ ಹಾಗೆ. ಏನು ತೋರಿಸಿದರೂ ಚೆನ್ನಾಗಿದೆ ಎನ್ನುವಳು, ಜೊತೆಗೇ, ನಿನಗೆ ಯಾಕೆ ಸುಮ್ಮನೆ ರಜಾ ಹಾಳು ಎನ್ನುವಳು. ಉಳಿದ ಹೊತ್ತು ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಶಾಲು, ಕಾಲಿಗೆ ನನ್ನ ಗಂಡನ ಕಾಲುಚೀಲ ಏರಿಸಿಕೊಂಡು ರೇಡಿಯೇಟರ್ ಪಕ್ಕ ಕೂತಿರುವಳು. ನಾಲ್ಕಕ್ಕೆಲ್ಲ ಕತ್ತಲಾಗುವ ಊರಿನಲ್ಲಿ, ಒಂದು ಗುರುವಾರ, ಎಲ್ಲರೂ ಮನೆಯಲ್ಲಿದ್ದಾಗ ಸಂಡಿಗೆ ಕರಿದೆ. ಮೈಸೂರಿನ ಅಂಗಡಿಯಿಂದ ತರಿಸಿದ್ದು, ಹೂವಿನ ಹಾಗೆ ಅರಳಿತ್ತು. ಅಮ್ಮ ಒಂದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ನನ್ನ ಮಗಳು ಅನುವಿನ ತಟ್ಟೆಗೆ ಹಾಕಿದಳು.

ಅದಾದ ಎರಡು ಮೂರು ದಿನಕ್ಕೆ ಕ್ಲಿನಿಕ್ ಮುಗಿಸಿ ಬಂದು ಬಾಗಿಲು ತೆಗೆದೆ. ಅಡುಗೆಮನೆಯಿಂದ ಕಟುಂ ಎಂದು ಕೇಳಿಸಿತು. ಮತ್ತೊಮ್ಮೆ ಕಟುಂ. ಕೋಟು ಬಿಚ್ಚದೆ ಒಳಗೆ ಹೋದರೆ ಟೇಬಲ್ಲಿನ ಆ ಕಡೆ ಅಮ್ಮ, ಈ ಕಡೆ ಫುಮಿಕೋ. ನಡುವೆ ಒಂದು ಬಟ್ಟಲಿನಲ್ಲಿ ಅಂಗೈಯಗಲದ ಕಂದು ಬಣ್ಣದ ಬಿಲ್ಲೆಗಳು, ನೋಡಲು ನಮ್ಮ ನಿಪ್ಪಟ್ಟಿನ ಹಾಗೆ, ಆದರೆ ಮೇಲೆ ಮಿರಮಿರ ಹೊಳಪು. ಅಮ್ಮ ಒಂದನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯಲ್ಲಿ ಗುದ್ದಿ ಮುರಿದು, "ನಂಗೊಂದು, ನಿಂಗೊಂದು," ಎಂದು ಹಂಚುತ್ತಿದ್ದಳು. ಆಮೇಲೆ ಬಾಯಿಗೆ ಹಾಕಿಕೊಂಡು, ದವಡೆಯ ಗಟ್ಟಿ ಹಲ್ಲು ಯಾವ ಕಡೆ ಇದೆಯೋ ಆ ಕಡೆಗೆ ತಳ್ಳಿ, ಕಟುಂ ಎನ್ನಿಸಿದಳು.

ಫುಮಿಕೋ ಆಗ ನಮಗೆ ಅಷ್ಟೇನೂ ಹತ್ತಿರದವರಲ್ಲ. ನಾವಿಲ್ಲದಾಗ ನಮ್ಮ ಪಾರ್ಸೆಲ್ ಇಸಿದುಕೊಳ್ಳುತ್ತಿದ್ದರು, ಕೌನ್ಸಿಲ್‌ನವರು ಕಸ ಒಯ್ದ ಮೇಲೆ ಬೀದಿಯಲ್ಲಿ ಉಳಿದ ನಮ್ಮ ಬಿನ್ನನ್ನೂ ತಮ್ಮ ಬಿನ್ನಿನ ಜೊತೆ ಒಳಗೆ ಎಳೆದಿಡುತ್ತಿದ್ದರು. ಎಪ್ಪತ್ತರ ಆಸುಪಾಸಿನವರು. ಗಂಡ ಪೀಟರ್ ಬೀಗ ತಯಾರಿಸುವ ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿದ್ದರಂತೆ. ಅವರನ್ನು ಮದುವೆಯಾಗಿ ಚಿಕ್ಕ ವಯಸ್ಸಿನಲ್ಲೇ ಈ ಊರಿಗೆ ಬಂದವರು. ಪೀಟರ್ ಹೋದಮೇಲೆ ಒಬ್ಬರೇ ಇದ್ದರು. ಆವತ್ತು ನಾವು ಅವರ ಪಾರ್ಸೆಲ್ ತೆಗೆದಿಟ್ಟುಕೊಂಡಿದ್ದೆವೆಂದು ಥ್ಯಾಂಕ್ಸ್ ಹೇಳಲು ಸೆಂಬೆ ಹಿಡಿದು ಬಂದಿದ್ದರು. ಸೆಂಬೆ ಎಂದರೆ ಅದೇ, ಆ ಅಕ್ಕಿಯ ಬಿಲ್ಲೆ.

ಮೊದಲು ನನಗೆ ಸಂತೋಷವೇ ಆಯಿತು, ಕಣ್ಣು ಒದ್ದೆಯಾದದ್ದೂ ಹೌದು. ಕೋಟು ಬಿಚ್ಚಿ ನೇತುಹಾಕಿ ಬರುವಷ್ಟರಲ್ಲಿ ಆ ಸಂತೋಷ ಹುಳಿಯಾಗಿತ್ತು. ಮೊನ್ನೆ ತಾನೇ ನಾನು ಕರಿದುಕೊಟ್ಟ ಸಂಡಿಗೆ ಬೇಡವಾಗಿತ್ತಲ್ಲ? ಫುಮಿಕೋ ಹೋದಮೇಲೆ ಅದನ್ನೇ ಕೇಳಿದೆ. ಇದು ಹಪ್ಪಳವೂ ಅಲ್ಲ, ಸಂಡಿಗೆಯೂ ಅಲ್ಲವಲ್ಲ ಎಂದು ಅಮ್ಮ ವಕೀಲರ ಹಾಗೆ ಪಾಯಿಂಟ್ ಹಾಕಿದಳು. ನಾನು ಪ್ಯಾಕೆಟ್ ಕೈಗೆತ್ತಿಕೊಂಡು ಮೀನಿನ ಸಾರವೋ ಸಿಗಡಿ ಪುಡಿಯೋ ಏನಾದರೂ ಇದೆಯಾ ಎಂದು ಸಣ್ಣ ಅಕ್ಷರಗಳಲ್ಲಿ ಹುಡುಕಿದೆ. ಇದ್ದಿದ್ದರೆ ಚೆನ್ನಾಗಿತ್ತು ಎಂಬ ಆಸೆಯಿಂದಲೇ ಹುಡುಕಿದೆ. ಇರಲಿಲ್ಲ. ಅಕ್ಕಿ, ಸೋಯಾ, ಸಕ್ಕರೆ, ಉಪ್ಪು, ಅಷ್ಟೇ. ಅಮ್ಮ ಸಸ್ಯಾಹಾರಿ ಎಂದು ಊಹಿಸಿ, ಫುಮಿಕೋ ಮನೆಯಲ್ಲೇ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿ, ಮೀನಿಲ್ಲದ ಪ್ಯಾಕೆಟ್ಟನ್ನೇ ಆರಿಸಿ ತಂದಿದ್ದರಂತೆ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ನಾನು ಆಸ್ಪತ್ರೆಗೆ, ಅನು ಸ್ಕೂಲಿಗೆ, ನನ್ನ ಗಂಡ ಆಫೀಸಿಗೆ. ಹನ್ನೊಂದಕ್ಕೆ ಅಮ್ಮ ಪಕ್ಕದ ಮನೆಗೆ. ಅಮ್ಮನದು ಕನ್ನಡ, ನಡುವೆ ಹೈಸ್ಕೂಲಿನ ಇಂಗ್ಲಿಷ್. ಅವರದು ಇಂಗ್ಲಿಷ್, ನಡುವೆ ಜಪಾನಿ. ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು. ವಾರ ಕಳೆಯುವುದರೊಳಗೆ ಅಮ್ಮನಿಗೆ ಅವರು ಫುಮಿ ಆದರು, ಅವರಿಗೆ ಅಮ್ಮ ಸರೋಜಾ‑ಸಾನ್, ಅಂದರೆ ಸರೋಜಾ ಅವರು, ಆದಳು. ಒಂದು ಸಂಜೆ ಸ್ಕೂಲಿನಿಂದ ಬಂದ ಅನು, ಅಜ್ಜಿಯನ್ನು ಕರೆತರಲು ಪಕ್ಕದ ಮನೆಗೆ ಹೋಗಿ ಬಂದು, "ಮಮ್ಮಿ, ಅಜ್ಜಿ ಲಾಫ್ಸ್ ದೇರ್. ಪ್ರಾಪರ್‌ಲಿ ಲಾಫ್ಸ್," ಎಂದಳು. ಮಗು ಪಾಪ ಖುಷಿಯಿಂದ ಹೇಳಿದ್ದು. ನನಗೆ ಮಾತ್ರ ಮುಖಕ್ಕೆ ಹೊಡೆದ ಹಾಗಾಯಿತು.

ಸುಮ್ಮನೆ ಕೂರುವವಳಲ್ಲ ನಾನು. ಮುಂದಿನ ಶನಿವಾರವೇ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಇದೇ ಅಂಗಡಿ ಹುಡುಕಿದೆ. ಗೋಡೆಯುದ್ದಕ್ಕೂ ಸೆಂಬೆ. ಉಪ್ಪಿನದು, ಸಕ್ಕರೆಯದು, ಕರಿ ಎಳ್ಳಿನದು, ಕಡಲಪಾಚಿ ಸುತ್ತಿದ್ದು, ಬೆರಳುಗಾತ್ರದ್ದು, ತಟ್ಟೆಯಗಲದ್ದು. ಪಕ್ಕದ ಫ್ರಿಜ್ಜಿನಲ್ಲಿ ಗುಲಾಬಿ, ಹಸಿರು, ಬಿಳಿ ಬಣ್ಣದ ಅಕ್ಕಿಯ ಉಂಡೆಗಳು, ಮಕ್ಕಳ ಕೆನ್ನೆಯಷ್ಟು ಮೆತ್ತಗೆ. ನಾನು ಅಲ್ಲಿದ್ದುದರಲ್ಲೇ ಅತಿ ದುಬಾರಿಯ ಪೆಟ್ಟಿಗೆಯನ್ನು ಎತ್ತಿಕೊಂಡೆ. ಒಂದೊಂದು ಸೆಂಬೆಗೂ ಒಂದೊಂದು ಬೇರೆ ಕವರ್, ಮೇಲೆ ಹೂವಿನ ಚಿತ್ರ, ಪೆಟ್ಟಿಗೆಗೆ ರೇಷ್ಮೆ ದಾರ. ಮನೆಗೆ ತಂದು ಅಮ್ಮನ ಮುಂದಿಟ್ಟೆ. ಅಮ್ಮ ದಾರ ಬಿಚ್ಚಿ, ಮಡಿಸಿ ಇಟ್ಟುಕೊಂಡು, ಒಂದು ಚೂರು ಬಾಯಿಗೆ ಹಾಕಿದಳು. ಚೆನ್ನಾಗಿದೆ ಎಂದಳು, ಬೀಗರ ಮನೆಯ ಊಟವನ್ನು ಹೊಗಳುವ ದನಿಯಲ್ಲಿ. ಸ್ವಲ್ಪ ಹೊತ್ತು ಬಿಟ್ಟು, ಫುಮಿ ತರೋದು ಇನ್ನೂ ಗಟ್ಟಿ ಎಂದು ಸೇರಿಸಿದಳು. ಸೋಮವಾರ ಬಂದು ನೋಡಿದರೆ ಪೆಟ್ಟಿಗೆ ಇಲ್ಲ. ಪಕ್ಕದ ಮನೆಗೆ ಒಯ್ದು, ಇಬ್ಬರೂ ಕೂತು ಚಹಾದ ಜೊತೆ ಅಷ್ಟನ್ನೂ ಮುಗಿಸಿದ್ದರು. ನನ್ನ ಮುಂದೆ ಒಂದು ಚೂರು ತಿಂದವಳಿಗೆ ಅಲ್ಲಿ ಅದೇ ಪೆಟ್ಟಿಗೆ ಪೂರ್ತಿ ರುಚಿಸಿತ್ತು.

ಡಿಸೆಂಬರ್ ಮೊದಲ ವಾರದಲ್ಲಿ ಇನ್ನೊಂದಾಯಿತು. ಮಧ್ಯಾಹ್ನ ಕ್ಲಿನಿಕ್ಕಿನ ನಡುವೆ ಮನೆಗೆ ಫೋನ್ ಮಾಡಿದರೆ ಅಮ್ಮ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಹೊರಗೆ ಮಂಜು ಕಟ್ಟಿ ಫುಟ್‌ಪಾತ್ ಗಾಜಿನ ಹಾಗಾಗಿತ್ತು. ಆ ವಾರ ಬಿದ್ದು ಸೊಂಟ ಮುರಿದುಕೊಂಡು ಬಂದ ಮುದುಕಿಯರನ್ನು ನಾನೇ ನೋಡಿದ್ದೆ. ಗಂಡನನ್ನು ಆಫೀಸಿನಿಂದ ಓಡಿಸಿದೆ. ಅವನು ಹೋಗಿ ನೋಡಿ, ಮನೆಗೆ ಬೀಗ, ಪಕ್ಕದ ಮನೆಗೂ ಬೀಗ ಎಂದ. ಸಂಜೆ ನಾನು ಮನೆ ತಲುಪುವ ಹೊತ್ತಿಗೆ ಇಬ್ಬರೂ ಬೀದಿಯ ತಿರುವಿನಲ್ಲಿ ಒಬ್ಬರ ತೋಳನ್ನು ಒಬ್ಬರು ಹಿಡಿದು, ಕೈಚೀಲ ತೂಗಿಸಿಕೊಂಡು ಬರುತ್ತಿದ್ದರು. ಟ್ರಾಮ್ ಹತ್ತಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ, ಜಪಾನಿ ಅಂಗಡಿಯಲ್ಲಿ ಅಂಟು ಅಕ್ಕಿ, ಕೆಂಪು ಕಾಳು, ಸೆಂಬೆ ಕೊಂಡು, ದಾರಿಯಲ್ಲಿ ಬಿಸಿ ಚೆಸ್ಟ್‌ನಟ್ ತಿಂದು ಬಂದಿದ್ದರು. ಬಾಲಾಜಿಗೆ ಇನ್ನೊಮ್ಮೆ ಹೋಗೋಣ ಎಂದು ನಾನು ಕರೆದರೆ ಈಗ ಚಳಿ ಎನ್ನುತ್ತಿದ್ದವಳು! ಅಲ್ಲೇ ಬೀದಿಯಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಫುಮಿಕೋ ಸೊಂಟ ಬಗ್ಗಿಸಿ ಬಗ್ಗಿಸಿ ಸಾರಿ ಹೇಳಿದರು. ಅಮ್ಮ ಮಾತ್ರ, ಟ್ರಾಮ್‌ನಲ್ಲಿ ಕೂತಿದ್ದೆ ಅಷ್ಟೇ, ರಾಕೆಟ್ ಏರಿರಲಿಲ್ಲ ಎಂದು ಹೇಳಿ ಒಳಗೆ ಹೋದಳು. ಎಷ್ಟೋ ವರ್ಷದಿಂದ ಅವಳು ನನಗೆ ಎದುರುತ್ತರ ಕೊಟ್ಟಿರಲಿಲ್ಲ. ಮೊದಲಿನ ಅಮ್ಮ ಹೀಗೇ ಇದ್ದಳು ಎಂದು ಆ ಸಿಟ್ಟಿನಲ್ಲೂ ನನಗೆ ನೆನಪಾಯಿತು.

ಆ ಅಂಟು ಅಕ್ಕಿ ಹೊಸ ವರ್ಷದ ಮೋಚಿಗೆ. ಮೋಚಿ ಎಂದರೆ ಬೇಯಿಸಿದ ಅಕ್ಕಿಯನ್ನು ಕುಟ್ಟಿ ಕುಟ್ಟಿ ಮಾಡುವ ಮೆತ್ತನೆಯ ಉಂಡೆ, ಅಂಗಡಿಯ ಫ್ರಿಜ್ಜಿನಲ್ಲಿ ನಾನು ನೋಡಿದ್ದೆನಲ್ಲ, ಅದೇ. ಪೀಟರ್ ಬದುಕಿದ್ದಾಗ ಹೆಂಡತಿಗೆಂದು ಓಕ್ ಮರದ ಬೊಡ್ಡೆಯನ್ನು ಕೊರೆದು ಒರಳು ಮಾಡಿಕೊಟ್ಟಿದ್ದರಂತೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ಮರದ ಸುತ್ತಿಗೆಯಿಂದ ಕುಟ್ಟಬೇಕು, ಎರಡು ಪೆಟ್ಟಿನ ನಡುವೆ ಇನ್ನೊಬ್ಬರು ಒದ್ದೆ ಕೈ ಹಾಕಿ ಅಕ್ಕಿಯನ್ನು ತಿರುವಬೇಕು. ಪೀಟರ್ ಹೋದ ಮೇಲೆ ಒರಳು ಗ್ಯಾರೇಜಿನಲ್ಲಿ ಹಳೆ ಪೇಂಟ್ ಡಬ್ಬಿಗಳ ಹಿಂದೆ ಕೂತಿತ್ತು. ಆ ವರ್ಷ ಅದು ಹೊರಗೆ ಬಂತು.

ವರ್ಷದ ಕೊನೆಯ ಆ ದಿನ ನನಗೆ ಅರ್ಧ ದಿನದ ಕೆಲಸ. ಮಧ್ಯಾಹ್ನ ಬಂದು ಧಪ್, ಧಪ್ ಸದ್ದು ಕೇಳಿ ಪಕ್ಕದ ಗ್ಯಾರೇಜಿಗೆ ಇಣುಕಿದೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ವೆಟರ್ ಬಿಚ್ಚಿ ಎಸೆದು, ಸುತ್ತಿಗೆ ಎತ್ತಿ ಎತ್ತಿ ಹಾಕುತ್ತಿದ್ದಳು. ಹುಡುಗಿಯಾಗಿದ್ದಾಗ ಒನಕೆ ಹಿಡಿದು ಅವಲಕ್ಕಿ ಕುಟ್ಟಿದ ತೋಳು ಅದು. ಹುಂ ಎಂದು ಅಮ್ಮ, ಹೈ ಎಂದು ಫುಮಿಕೋ. ಒಂದು ಕ್ಷಣ ತಪ್ಪಿದರೂ ಸುತ್ತಿಗೆ ಕೈಯ ಮೇಲೆ. ಫುಮಿಕೋ ಸುತ್ತಿಗೆಯ ಕಡೆ ನೋಡುತ್ತಲೂ ಇರಲಿಲ್ಲ, ಅಮ್ಮನ ಮುಖವನ್ನು ನೋಡಿಕೊಂಡು ಕೈ ಹಾಕುತ್ತಿದ್ದರು. ಹೊರಗೆ ಹಿಮ ಉದುರುತ್ತಿತ್ತು, ಒಳಗೆ ಅಮ್ಮನ ಕತ್ತು ಬೆವರಿತ್ತು.

ನಾನೂ ಒಂದು ಕೈ ನೋಡುತ್ತೇನೆ ಎಂದೆ. ಅಮ್ಮ ಸುತ್ತಿಗೆಯನ್ನು ಕೆಳಗಿಡಲೇ ಇಲ್ಲ. ನಿನಗೆ ಬೇಡ, ಕೈಗೆ ಏನಾದರೂ ಆದರೆ ನಾಳೆ ಪೇಷೆಂಟುಗಳ ಗತಿ ಏನು ಎಂದಳು. ಚಿಕ್ಕಂದಿನಲ್ಲಿ ಸಂಡಿಗೆ ಇಡಲು ತಾರಸಿಗೆ ಹೋದಾಗಲೂ ಹೀಗೇ, ನೀನು ಹೋಗಿ ಓದಿಕೋ ಎಂದು ಕಳಿಸುತ್ತಿದ್ದಳು. ಓದಿ ಓದಿ ಡಾಕ್ಟರಾಗಿ ಎಷ್ಟು ಸುಖ ಬಂತೋ ನಾ ಕಾಣೆ, ಒರಳಿನ ಹತ್ತಿರ ಮಾತ್ರ ಜಾಗ ಸಿಗಲಿಲ್ಲ.

ಡಾಕ್ಟರಲ್ಲವೇ, ನನ್ನ ಹತ್ತಿರ ಇರುವ ಅಸ್ತ್ರವನ್ನೇ ತೆಗೆದೆ. ಕೆಂಪು ಕಾಳಿನ ಹೂರಣ ತುಂಬಿದ ಉಂಡೆಗಳು ತಟ್ಟೆಗೆ ಬಂದಾಗ, ಇದು ವಯಸ್ಸಾದವರ ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಜಪಾನಿನಲ್ಲಿ ಹೀಗೆ ಉಸಿರುಕಟ್ಟಿದವರೂ ಇದ್ದಾರೆ, ಅಮ್ಮ ಮುಟ್ಟುವ ಹಾಗಿಲ್ಲ ಎಂದು ಗಂಭೀರವಾಗಿ ಹೇಳಿದೆ. ಹೇಳಿದ್ದು ನಿಜವೇ. ಹೇಳಿದ್ದರ ಕಾರಣ ಮಾತ್ರ ಬೇರೆ. ಫುಮಿಕೋ ತಲೆಯಾಡಿಸಿ ಒಪ್ಪಿದರು, ಡ್ರಾಯರಿನಿಂದ ಕತ್ತರಿ ತೆಗೆದರು, ಅಮ್ಮನ ಪಾಲಿನದನ್ನು ಕಡಲೆಕಾಳಿನಷ್ಟು ಚೂರು ಮಾಡಿ, ಪಕ್ಕದಲ್ಲಿ ಬಿಸಿ ಚಹಾ ಇಟ್ಟರು. ಅಮ್ಮ ಒಂದೊಂದೇ ಚೂರು ನಿಧಾನ ಅಗಿದು, ಬೆಲ್ಲ ಹಾಕಿದ್ದರೆ ಅಪ್ಪಟ ಕಡುಬೇ ಎಂದು ತೀರ್ಪು ಕೊಟ್ಟಳು. ನಾನೂ ಒಂದು ತಿಂದೆ. ಅಷ್ಟು ಚೆನ್ನಾಗಿರಬಾರದಿತ್ತು ಅದು.

ಜನವರಿಯಲ್ಲಿ ಸಂಕ್ರಾಂತಿ. ಎಲ್ಲರ ರೋಟಾ ನೋಡಿ, ಹಬ್ಬ ಮುಗಿದ ಮೇಲಿನ ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡೆ. ಎಂಟು ಹತ್ತು ಹೆಂಗಸರು, ಹೆಚ್ಚಿನವರು ನನ್ನಂತೆಯೇ ಆಸ್ಪತ್ರೆಯವರು. ಎಳ್ಳಿಗೆ ಬೇಕಾದ ಕೊಬ್ಬರಿ, ಬೆಲ್ಲವನ್ನು ಅಮ್ಮ ವಾರವಿಡೀ ಸಣ್ಣಗೆ ಹೆಚ್ಚಿದ್ದಳು, ಅದೂ ಪಕ್ಕದ ಮನೆಯಲ್ಲಿ ಕೂತು. ಜನ ಬರುವ ಹೊತ್ತಿಗೆ ನಾನು ಅಂದುಕೊಂಡ ಹಾಗೇ ಅಮ್ಮ ಅಡುಗೆಮನೆ ಸೇರಿದಳು. ಹೊರಗೆ ಬಾ ಎಂದು ಕರೆದೆ. ಅಮ್ಮ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ಒರೆಸುತ್ತಾ, ನೀನು ನಡಿ, ಬಂದವರನ್ನು ನೋಡಿಕೋ ಎಂದಳು. ಕೈ ಹಿಡಿದು ಎಳೆದೆ. ಬಿಡಿಸಿಕೊಂಡಳು.

ಫುಮಿಕೋ ಅವರನ್ನೂ ಕರೆದಿದ್ದೆ, ಕರೆಯದೆ ಇರುವಂತಿರಲಿಲ್ಲ. ಬೂದು ಬಣ್ಣದ ಒಳ್ಳೆಯ ಕಾರ್ಡಿಗನ್ ಹಾಕಿಕೊಂಡು ಬಂದು ಸೋಫಾದ ತುದಿಯಲ್ಲಿ ಕೂತರು. ನಾನು ಕಾಫಿ ಬಗ್ಗಿಸುತ್ತಿದ್ದಾಗ ಕುಂಕುಮದ ತಟ್ಟೆ ಹಿಡಿದವಳು ಜ್ಯೋತಿ, ಧಾರವಾಡದ ಕಡೆಯವಳು, ಮಕ್ಕಳ ಡಾಕ್ಟರು. ಸಾಲಾಗಿ ಕೊಟ್ಟುಕೊಂಡು ಬಂದು, ಫುಮಿಕೋ ಮುಂದೆಯೂ ನಿಂತು, ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ ಇಟ್ಟು, ಕೈಗೆ ಹೂವು, ಎಲೆ ಅಡಿಕೆ, ಎಳ್ಳಿನ ಪೊಟ್ಟಣ ಕೊಟ್ಟಳು. ಅವರ ಗಂಡ ಇದ್ದಾರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ನಮ್ಮವರಾಗಿದ್ದರೆ ಕತ್ತು, ಕಾಲ್ಬೆರಳು ನೋಡಿಯೇ ಕೈ ತಾನಾಗಿ ತಡೆಯುತ್ತಿತ್ತು. ಜಪಾನಿನವರ ಮೇಲೆ ಏನನ್ನು ನೋಡುವುದು? ನನಗೆ ಗೊತ್ತಿತ್ತು, ಸುಮ್ಮನಿದ್ದೆ. ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಅವಳೂ ನೋಡಿದ್ದಳು.

ಫುಮಿಕೋ ತಮ್ಮ ಕೈಯಲ್ಲಿದ್ದುದನ್ನು ನೋಡಿಕೊಂಡರು, ಸುತ್ತಲಿನ ಹಣೆಗಳನ್ನು ನೋಡಿದರು, ಆಮೇಲೆ ಬಾಗಿಲಲ್ಲಿದ್ದ ಅಮ್ಮನ ಬರಿ ಹಣೆ ನೋಡಿದರು. ಎಲ್ಲರಿಗೂ ಕೊಡುವ ಗಡಿಬಿಡಿಯಲ್ಲಿ ಇವಳೊಬ್ಬಳನ್ನು ಮರೆತಿದ್ದಾರೆ ಎಂದುಕೊಂಡಿರಬೇಕು. ಎದ್ದು, ಜ್ಯೋತಿಯ ಕೈಯಿಂದ ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ನೇರ ಅಮ್ಮನ ಹತ್ತಿರ ಹೋದರು. ಹಾಡು ಹೇಳುತ್ತಿದ್ದವರು ನಿಲ್ಲಿಸಿದರು. ಅಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಫುಮಿಕೋ ಆಗ ತಾನೇ ಕಲಿತದ್ದನ್ನು ತಪ್ಪದೆ ಮಾಡುವ ವಿದ್ಯಾರ್ಥಿಯ ಹಾಗೆ ಮೊದಲು ಎರಡೂ ಕೆನ್ನೆಗೆ ಅರಿಶಿನ ಹಚ್ಚಿದರು, ಆಮೇಲೆ ಉಂಗುರದ ಬೆರಳಿಗೆ ಕುಂಕುಮ ತೆಗೆದುಕೊಂಡರು.

"ನಿಂಗೊಂದು," ಎಂದರು, ಸ್ಪಷ್ಟ ಕನ್ನಡದಲ್ಲಿ, ಸೆಂಬೆ ಮುರಿದು ಕೊಡುವ ಹಾಗೆ.

ಅಮ್ಮ ಕದಲಲಿಲ್ಲ. ಕುಂಕುಮ ಇಟ್ಟಾಯಿತು. ನಾನು ಇಷ್ಟು ವರ್ಷ ಕಾದದ್ದು ನನ್ನ ಕಣ್ಣೆದುರೇ, ನನ್ನ ಮನೆಯಲ್ಲೇ, ಇನ್ನೊಬ್ಬರ ಬೆರಳಿನಿಂದ ಆಗಿಹೋಯಿತು. ಜ್ಯೋತಿ ಸುಧಾರಿಸಿಕೊಂಡು, "ಬರ್ರಿ ಅಮ್ಮಾರ, ಉಡಿ ಒಡ್ರಿ," ಎಂದು ಎಳ್ಳಿನ ಪೊಟ್ಟಣ, ಹೂವು ತಂದು ಅಮ್ಮನ ಸೆರಗಿಗೆ ಹಾಕಿದಳು. ಉಳಿದವರ ಕಣ್ಣೆಲ್ಲ ಒದ್ದೆ. ಎಲ್ಲರೂ ನನ್ನನ್ನು ತಬ್ಬಿಕೊಂಡು, ಎಂಥ ಪಕ್ಕದ ಮನೆಯವರು ಸಿಕ್ಕಿದ್ದಾರೆ ನಿನಗೆ ಎಂದರು. ಹೌದು ಹೌದು ಎಂದೆ. ನಗುವುದಕ್ಕೆ ಹೋಗಿ ದವಡೆ ನೋಯಿತು.

ಮಾರನೆಯ ಬೆಳಿಗ್ಗೆ ಗಂಡ ಅನುವನ್ನು ಈಜಿಗೆ ಕರೆದುಕೊಂಡು ಹೋಗಿದ್ದ. ಅಮ್ಮ ಸ್ನಾನ ಮಾಡಿ ಬಂದಳು, ಹಣೆ ಮತ್ತೆ ಬರಿದು. ನನಗೆ ತಡೆಯಲಾಗಲಿಲ್ಲ.

"ನಾನು ಎಷ್ಟು ಸಲ ಕೇಳಿಕೊಂಡೆ ಅಮ್ಮ. ಕಾಲಿಗೆ ಬೀಳೋದೊಂದು ಬಾಕಿ ಇತ್ತು. ನನ್ನ ಕೈಯಿಂದ ಬೇಡ, ಅವರ ಕೈಯಿಂದ ಆಗುತ್ತೆ, ಅಲ್ವಾ?"

ಅಮ್ಮ ಕಾಫಿ ಲೋಟ ಕೆಳಗಿಟ್ಟಳು.

"ನಿಂದು ಪೂರ್ತಿ ನಿಮ್ಮಪ್ಪನ ಮುಖ ಕಣೇ," ಎಂದಳು. "ಅದೇ ಹುಬ್ಬು, ಅದೇ ಮೂಗು. ನೀನು ಕುಂಕುಮದ ಬಟ್ಟಲು ಹಿಡ್ಕೊಂಡು ಎದುರಿಗೆ ಬಂದು ನಿಂತ್ರೆ ಅವರೇ ಬಂದು ನಿಂತ ಹಾಗಾಗುತ್ತೆ. ಆಮೇಲೆ, ಅಲ್ಲ, ಅವರಿಲ್ಲ ಅಂತ ಗೊತ್ತಾಗುತ್ತೆ. ಪ್ರತೀ ಸಲ ಹಾಗೇ. ನಾನು ಹೇಗೆ ಇಟ್ಕೊಳ್ಳಲಿ, ನೀನೇ ಹೇಳು."

ಅಪ್ಪನ ಮುಖ ನನಗೆ ಬಂದಿದೆ, ರವಿಗೆ ಬಂದಿಲ್ಲ ಎಂದು ಚಿಕ್ಕಂದಿನಿಂದ ಬೀಗಿದವಳು ನಾನು. ಅಪ್ಪನ ಮುಖವನ್ನು ಎಂದೂ ನೋಡದ ಒಬ್ಬರು ಗೆದ್ದರು, ಅದೇ ಮುಖ ಹೊತ್ತವಳು ಸೋತೆ. ಎದ್ದು ಹೋಗಿ ಬಚ್ಚಲುಮನೆಯ ಕನ್ನಡಿ ನೋಡಿಕೊಂಡು ಮನಸಾರೆ ಅತ್ತೆ.

ಗೊತ್ತಾದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುತ್ತದೆಯೇ? ಆರಲಿಲ್ಲ. ಅರಿಶಿನ ಕುಂಕುಮದ ದಿನ ಹೊರಡುವಾಗ ಜ್ಯೋತಿ ಕೊಟ್ಟಿದ್ದ ಕುಂಕುಮದ ಪುಟ್ಟ ಡಬ್ಬಿಯನ್ನು ಫುಮಿಕೋ ತಮ್ಮ ಮನೆಯಲ್ಲಿ ಚಹಾ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದರು. ಅಮ್ಮ ಹನ್ನೊಂದಕ್ಕೆ ಬರಿ ಹಣೆಯಲ್ಲಿ ಹೋಗುವಳು, ಸಂಜೆ ಬೊಟ್ಟಿಟ್ಟುಕೊಂಡು ಬರುವಳು, ಬಾಯಿ ಸೋಯಾ ವಾಸನೆ. ಬೆಳಿಗ್ಗೆ ಸ್ನಾನದಲ್ಲಿ ಬೊಟ್ಟು ಹೋಗುವುದು, ಮಧ್ಯಾಹ್ನ ಪಕ್ಕದ ಮನೆಯಲ್ಲಿ ಹುಟ್ಟುವುದು. ಫೆಬ್ರವರಿಯ ಮಳೆ, ಮಾರ್ಚಿನ ಗಾಳಿ ಎಲ್ಲದರಲ್ಲೂ ಇದೇ ನಡೆಯಿತು. ನಾನು ನೋಡಿದರೂ ನೋಡದವಳ ಹಾಗೆ ಅಡುಗೆಗೆ ಏನು ಮಾಡಲಿ ಎಂದು ಕೇಳುತ್ತಿದ್ದೆ. ಕುಂಕುಮದ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಅಮ್ಮ ಊಟದ ಹೊತ್ತಿಗೆ ಆ ದಿನ ಏನೇನಾಯಿತು ಎಂದು ಹೇಳತೊಡಗಿದ್ದಳು, ಹಪ್ಪಳ ಕರಿ ಎಂದು ತಾನೇ ಕೇಳಿದಳು ಒಂದು ದಿನ. ನಾನು ಅಂದುಕೊಂಡದ್ದೆಲ್ಲ ಒಂದೊಂದಾಗಿ ಆಗುತ್ತಿತ್ತು, ನನ್ನಿಂದ ಮಾತ್ರ ಆಗಿರಲಿಲ್ಲ.

ಹೊರಡುವ ದಿನ ಬಂತು. ಬೆಳಿಗ್ಗೆ ಸೂಟ್‌ಕೇಸ್ ತೂಗಿ, ಹೆಚ್ಚಾದದ್ದನ್ನು ತೆಗೆದು, ಮತ್ತೆ ತುಂಬಿ ನಾನು ಹಾಲಿನಲ್ಲಿ ಏದುಸಿರು ಬಿಡುತ್ತಿದ್ದೆ. ಅಮ್ಮ ದೇವರ ಮುಂದಿನ ಕುಂಕುಮದ ಬಟ್ಟಲು ತಂದು ನನ್ನ ಕೈಯಲ್ಲಿಟ್ಟಳು. ನನ್ನೆದುರು ನೆಟ್ಟಗೆ ನಿಂತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

"ಹೀಗಾದ್ರೆ ಆಗುತ್ತೇನೋ," ಎಂದಳು. "ಬೇಗ ಇಡು."

ನೂರಾರು ಜನರ ನರ ಹುಡುಕಿ ಸೂಜಿ ಹಾಕಿದ ಕೈ ನನ್ನದು. ಆವತ್ತು ಗುರಿ ತಪ್ಪಿತು. ಕುಂಕುಮ ಹಣೆಯ ನಡುವೆ ಬೀಳದೆ ಎಡಕ್ಕೆ ಜಾರಿತು, ಒಂದಿಷ್ಟು ಮೂಗಿನ ಮೇಲೂ ಉದುರಿತು. ಆಯಿತು ಎಂದೆ. ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡು ಆಮೇಲೆ ಕಣ್ಣು ಬಿಟ್ಟಳು, ನನ್ನ ತೋಳನ್ನೊಮ್ಮೆ ಅದುಮಿ ಶಾಲು ಹೊದ್ದುಕೊಂಡಳು.

ಹೊರಗೆ ಕಾರಿನ ಹತ್ತಿರ ಫುಮಿಕೋ ಕಾದಿದ್ದರು, ವಿಮಾನದಲ್ಲಿ ತಿನ್ನಲು ಒಂದು ಪ್ಯಾಕೆಟ್ ಸೆಂಬೆ ಹಿಡಿದುಕೊಂಡು. ಅಮ್ಮನನ್ನು ನೋಡಿದವರೇ ನಾಲಿಗೆಯಿಂದ ತ್ಚ್ ಎಂದು ಸದ್ದು ಮಾಡಿ, ಕರ್ಚೀಫು ತೆಗೆದು ಮೂಗಿನ ಮೇಲಿನದನ್ನು ಒರೆಸಿದರು. ಆಮೇಲೆ ಹೆಬ್ಬೆರಳಿನಿಂದ ನಾನಿಟ್ಟ ಬೊಟ್ಟನ್ನು ಮೆಲ್ಲಗೆ ಹಣೆಯ ನಡುವಿಗೆ ತಂದು, ದುಂಡಗೆ ಮಾಡಿದರು. ಅಮ್ಮ ಅಷ್ಟು ಹೊತ್ತೂ ಕಣ್ಣು ಅಗಲವಾಗಿ ಬಿಟ್ಟುಕೊಂಡು, ನಗುತ್ತಾ ನಿಂತಿದ್ದಳು. ನಾನು ಸೂಟ್‌ಕೇಸನ್ನು ಡಿಕ್ಕಿಯೊಳಗೆ ಎಸೆದು, ಬಾಗಿಲನ್ನು ಧಡಾರನೆ ಹಾಕಿದೆ.